ಪೆನ್ನು ಕೊಡದ ಆಮೇಲಮ್ಮ

ಲೋಕದ ಜನವೆಲ್ಲ ಕಾಗದಪತ್ರವನ್ನು ಮೊದಲ ಪುಟದಿಂದ ಓದಿದರೆ ಆಮೇಲಮ್ಮ ಓದುವುದು ಕೊನೆಯ ಪುಟದಿಂದ. ಯಾವ ಹಾಡುಗಾರ ಎಂಥ ಕರಾರನ್ನು ತಂದು ಎದುರಿಗಿಟ್ಟರೂ ಸರಿ, ಅದರ ಮೇಲಿನ ಬಂಗಾರದ ಬಣ್ಣದ ಮುದ್ರೆಯನ್ನಾಗಲಿ ದಪ್ಪಕ್ಷರದ ಶೀರ್ಷಿಕೆಯನ್ನಾಗಲಿ ಕಣ್ಣೆತ್ತಿಯೂ ನೋಡದೆ, ಇಡೀ ಕಟ್ಟನ್ನು ದಬಕ್ಕನೆ ಕವುಚಿ ಹಾಕಿ, ಮೀನು ಕೊಳ್ಳಲು ಬಂದ ಪಳಗಿದ ಗಿರಾಕಿ ಕಿವಿರು ಎತ್ತಿ ನೋಡುವ ಹಾಗೆ ಕಟ್ಟಕಡೆಯ ಹಾಳೆಯ ಅಂಚನ್ನು ಹೆಬ್ಬೆರಳಿನಿಂದ ಎತ್ತಿ ಇಣುಕುತ್ತಾರೆ. ಅಲ್ಲಿಂದ ಒಂದೊಂದೇ ಪುಟ ಹಿಂದಕ್ಕೆ. ಮೊದಲ ಪುಟಕ್ಕೆ ಬರುವ ಹೊತ್ತಿಗೆ ಎದುರು ಕೂತವನ ಅರ್ಧ ಉತ್ಸಾಹ ಇಳಿದು, ಉಳಿದರ್ಧ ಬುದ್ಧಿಯಾಗಿ ಮಾರ್ಪಟ್ಟಿರುತ್ತದೆ. "ಮೊದಲ್ನೇ ಪುಟದಲ್ಲಿ ಎಲ್ಲರೂ ಮದುವೆಗೆ ಬಂದೋರ ಥರ ನಗ್ತಾ ಇರ್ತಾರೆ. ಪಾತ್ರೆ ತೊಳೆಯೋರು ಯಾರು ಅಂತ ಗೊತ್ತಾಗೋದು ಕೊನೇ ಪುಟದಲ್ಲೇ" ಎನ್ನುವುದು ಅವರ ಸಿದ್ಧಾಂತ.

ಕುಳ್ಳನೆಯ, ಒಣಕಲು ದೇಹ, ವಯಸ್ಸು ಅರವತ್ತೆಂಟು. ಆ ದೇಹದ ಮೇಲೆ ಸೆಕೆಯಿರಲಿ ಚಳಿಯಿರಲಿ ಒಂದು ಬೂದು ಕೋಟು. ಅವರ ಅಣ್ಣನದಂತೆ, ಅಣ್ಣ ಆರಡಿ ಆಳು, ಹಾಗಾಗಿ ತೋಳನ್ನು ಎರಡು ಮಡಿಕೆ ಮಡಿಸಿದರೂ ಬೆರಳ ತುದಿಗಳಷ್ಟೇ ಹೊರಗೆ ಕಾಣುತ್ತವೆ. ಕೋಟಿಗೆ ಏಳು ಜೇಬು, ಏಳು ಜೇಬಿನಲ್ಲಿ ಹನ್ನೊಂದು ಪೆನ್ಸಿಲ್ಲು. ಕೆಂಪಿನದು ಅಪಾಯಕ್ಕೆ, ನೀಲಿಯದು ಪ್ರಶ್ನೆಗೆ. ಆದರೆ ಪೆನ್ನು ಮಾತ್ರ ಒಂದೂ ಇಲ್ಲ. ಅವಸರದ ಹುಡುಗರು ಕರಾರನ್ನು ಅಲ್ಲೇ ತೊಡೆಯ ಮೇಲಿಟ್ಟುಕೊಂಡು "ಅಮ್ಮಾ, ಒಂದು ಪೆನ್ ಕೊಡಿ" ಎಂದು ಕೈಚಾಚಿದರೆ, ಸಾಲ ಕೇಳಲು ಬಂದ ನೆಂಟನಿಗೆ ಹೇಳುವ ದನಿಯಲ್ಲಿ "ಪೆನ್ ನನ್ನ ಹತ್ರ ಇಲ್ಲಪ್ಪ" ಎನ್ನುತ್ತಾರೆ. ನಡಿಗೆಯೂ ಒಂದು ಬಗೆಯದು. ಸಣ್ಣ ಸಣ್ಣ ಹೆಜ್ಜೆ, ಎಲ್ಲವೂ ಒಂದೇ ಅಳತೆಯವು. ಗೋಡೆ ಎದುರಾಯಿತೋ, ಟೈಪ್‌ರೈಟರಿನ ಗಾಡಿ ಸಾಲಿನ ತುದಿಗೆ ಬಂದು ಟಿಂಗ್ ಎಂದು ಹಿಂದಕ್ಕೆ ಸರಿಯುವಂತೆ ಸರಕ್ಕನೆ ತಿರುಗಿ ಮತ್ತೆ ಮೊದಲಿನಿಂದ.

ಆಮೇಲಮ್ಮ ಎನ್ನುವುದು ನಾವಿಟ್ಟ ಹೆಸರು. ಯಾರು ಏನೇ ಹೇಳಲಿ, ಅವರು ಕತ್ತು ಓರೆ ಮಾಡಿ "ಆಮೇಲೆ?" ಎನ್ನುತ್ತಾರೆ. "ಕಂಪನಿಯವರು ತುಂಬಾ ಒಳ್ಳೆ ಜನ ಅಮ್ಮ." "ಆಮೇಲೆ?" "ನಮ್ಮ ಹಾಡನ್ನ ಊರೂರಿಗೆ ತಲುಪಿಸ್ತಾರಂತೆ." "ಆಮೇಲೆ?" ಮೂರನೆಯ ಆಮೇಲೆಗೆ ದೊಡ್ಡ ದೊಡ್ಡ ಗಾಯಕರ ಗಂಟಲು ಒಣಗಿದ್ದನ್ನು ನಾನು ನೋಡಿದ್ದೇನೆ. ಇಷ್ಟಾಗಿ, ಸಂಗೀತಗಾರರ ಹಕ್ಕು ಕಾಯುವುದೇ ಉಸಿರಾದ ಈ ಹೆಂಗಸಿಗೆ ಸಂಗೀತದ ಗಂಧವೇ ಇಲ್ಲ! ಜೋಗುಳಕ್ಕೂ ಸೈನ್ಯದ ಕವಾಯತಿನ ಹಾಡಿಗೂ ಅವರ ಕಿವಿಯಲ್ಲಿ ಭೇದವಿಲ್ಲ. ಒಮ್ಮೆ ಪಿಟೀಲುಗಾರನೊಬ್ಬ ಕೃತಜ್ಞತೆಯಿಂದ ಕಣ್ಣು ಮುಚ್ಚಿ ಅರ್ಧ ಗಂಟೆ ಅವರೆದುರು ನುಡಿಸಿದ. ಮುಗಿದ ಮೇಲೆ "ಶ್ರುತಿ ಮಾಡಿದ್ದಾಯ್ತಾ? ಇನ್ನು ಶುರು ಮಾಡಿ" ಎಂದರು.

ನನ್ನದು ವಾದ್ಯ ರಿಪೇರಿಯ ಅಂಗಡಿ. ಏಳನೆಯ ತರಗತಿಗೇ ಶಾಲೆಗೆ ಕೈಮುಗಿದವನು ನಾನು. ಅಕಾರ್ಡಿಯನ್ನಿನ ತಿದಿ, ಗಿಟಾರಿನ ಕತ್ತು, ಪಿಟೀಲಿನ ತಂತಿ ಹೊರುವ ಕುದುರೆ, ಇಷ್ಟರ ಮಟ್ಟಿಗೆ ವಿದ್ಯಾವಂತ. ಸಿಟ್ಟು ಮಾತ್ರ ಯಾವ ಶಾಲೆಯ ಹಂಗೂ ಇಲ್ಲದೆ ಬಂದಿದೆ. ನಾಲ್ಕು ವರ್ಷದ ಹಿಂದೆ ಒಂದು ಮುಂಜಾನೆ ಆಮೇಲಮ್ಮ ನನ್ನ ಅಂಗಡಿಗೆ ಬಂದದ್ದು ವಾದ್ಯ ಹಿಡಿದುಕೊಂಡಲ್ಲ. ತಳ್ಳುಗಾಡಿಯಲ್ಲಿ ಒಂದು ಮುದಿ ಟೈಪ್‌ರೈಟರನ್ನು ಹೇರಿಕೊಂಡು.

"ಇದು ವಾದ್ಯದ ಅಂಗಡಿ ಅಮ್ಮ" ಎಂದೆ.

"ಗೊತ್ತು. ಟೈಪ್‌ರೈಟರ್ ರಿಪೇರಿ ಮಾಡೋರೆಲ್ಲ ಅಂಗಡಿ ಮುಚ್ಚಿದಾರೆ. ಇದಕ್ಕೂ ಸ್ಪ್ರಿಂಗಿದೆ, ಅದಕ್ಕೂ ಸ್ಪ್ರಿಂಗಿದೆ. ಇದನ್ನ ಒತ್ತಿದ್ರೂ ಸದ್ದು ಬರುತ್ತೆ. ಇನ್ನೇನು ವ್ಯತ್ಯಾಸ?"

ಕೂತು ಬಿಚ್ಚಿದೆ. ಅಕಾರ್ಡಿಯನ್ನಿನ ಹಳೆಯ ಗುಂಡಿಯಿಂದ ಒಂದು ಸ್ಪ್ರಿಂಗು ತೆಗೆದು ಹಾಕಿದ ಮೇಲೆ ಅವರು ಹಾಳೆಯೊಂದನ್ನು ಸಿಕ್ಕಿಸಿ, ಮೈ ನೆಟ್ಟಗೆ ಮಾಡಿಕೊಂಡು, ಪಟಪಟನೆ ನಾಲ್ಕು ಸಾಲು ಹೊಡೆದರು. ನಾನು ಬಗ್ಗಿ ನೋಡಿದೆ. 'ರ' ಅಕ್ಷರ ಬಂದಲ್ಲೆಲ್ಲ ಅದು ಸಾಲಿನಿಂದ ಒಂದು ಕೂದಲೆಳೆ ಮೇಲಕ್ಕೆ ಹಾರಿ ಕೂತಿತ್ತು. ಆ ಹಾರಿದ 'ರ'ವನ್ನು ನಾನು ಎಲ್ಲಿ ಕಂಡಿದ್ದೆ? ತಲೆಯೆತ್ತಿದರೆ ಎದುರಿನ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ!

ಆ ಚೌಕಟ್ಟಿನ ಕಥೆ ಹೇಳದೆ ಮುಂದಕ್ಕೆ ಹೋಗುವಂತಿಲ್ಲ. ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ನಾನೂ ನನ್ನ ತಮ್ಮನೂ ಬಾಡಿಗೆಗಿದ್ದ ಕಟ್ಟಡದ ಮೆಟ್ಟಿಲ ಮೇಲೆ ಕೂತು ಅಕಾರ್ಡಿಯನ್ನಿನಲ್ಲಿ ಒಂದು ಧಾಟಿ ಕಟ್ಟಿದ್ದೆ. ಹತ್ತುವಾಗ ಒಂದು ನಡೆ, ಇಳಿಯುವಾಗ ಒಂದು ನಡೆ, ಮಧ್ಯೆ ಏದುಸಿರು ಬಿಡಲು ಒಂದು ನಿಲುಗಡೆ. ಮೆಟ್ಟಿಲ ಧಾಟಿ ಎಂದೇ ಅದರ ಹೆಸರು. ಕಂಪನಿಯೊಂದು ಅದನ್ನು ಕೇಳಿ ಕರೆಸಿತು. ನಾನು ಹೋಗಿ ಸಹಿ ಗೀಚಿ ಬಂದೆ. ಅದು ಸಾಬೂನಿನ ಜಾಹೀರಾತಾಯಿತು. ಆದದ್ದು ಆಗಲಿ ಎಂದುಕೊಂಡೆ. ಆದರೆ ಮರುವರ್ಷ ಒಂದು ಸಭಾಂಗಣದಲ್ಲಿ ನಾನೇ ಅದನ್ನು ನುಡಿಸಲು ತಿದಿ ಎಳೆದದ್ದೇ ತಡ, ವ್ಯವಸ್ಥಾಪಕ ಓಡಿ ಬಂದು "ಇದನ್ನ ನುಡಿಸೋ ಹಕ್ಕು ನಿಮಗಿಲ್ವಂತೆ" ಎಂದು ಒಂದು ಪತ್ರ ತೋರಿಸಿದ. ಹೆತ್ತವನೇ ಮಗುವಿನ ಕೈ ಹಿಡಿಯಲು ಅಪ್ಪಣೆ ಕೇಳಬೇಕಂತೆ! ನಾನು ವೇದಿಕೆಯ ಮೇಲಿದ್ದ ಮೈಕಿನ ಸ್ಟ್ಯಾಂಡನ್ನು ಮುರಿದು ಇಳಿದು ಬಂದೆ. ಆ ಕರಾರಿಗೆ ಗಾಜು ಹಾಕಿಸಿ, ಇನ್ನೊಮ್ಮೆ ಇಂಥ ಮೂರ್ಖತನ ಮಾಡಬಾರದೆಂದು ಗೋಡೆಗೆ ಹೊಡೆದೆ. ಧಾಟಿಯನ್ನು ಮತ್ತೆ ಮುಟ್ಟಲಿಲ್ಲ.

"ನೀವಾ ಇದನ್ನ ಟೈಪ್ ಮಾಡಿದ್ದು?" ಎಂದು ಕೂಗಿದೆ.

ಅವರು ಕನ್ನಡಕ ಸರಿಪಡಿಸಿ ಚೌಕಟ್ಟಿನ ಹತ್ತಿರ ಹೋಗಿ ನೋಡಿ, "ಹೌದು. ನಂದೇ 'ರ' ಅದು. ಇಪ್ಪತ್ತೆರಡು ವರ್ಷ ಆ ಆಫೀಸಲ್ಲಿ ಇಂಥದ್ದನ್ನೇ ಹೊಡೀತಿದ್ದೆ. ಕಂಪ್ಯೂಟರ್ ಬಂದಾಗ ಮೆಶಿನ್ನನ್ನ ತೂಕಕ್ಕೆ ಮಾರ್ತಿದ್ರು, ನಾನೇ ತಗೊಂಡೆ" ಎಂದರು.

ಅಂದು ನಾನು ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಎದುರಿನ ಚಪ್ಪಲಿ ಅಂಗಡಿಯವನು ಹೊರಗೆ ಬಂದು ನಿಂತ. ಆಮೇಲಮ್ಮ ಸ್ಟೂಲಿನ ಮೇಲೆ ಕೂತು, ಮಳೆ ನಿಲ್ಲಲೆಂದು ಕಾಯುವವರ ಹಾಗೆ ಕಾದರು.

"ಬೈದು ಮುಗೀತಾ ರಿಪೇರಿಯವ್ರೇ? ಮುಗಿದಿದ್ರೆ ಅದನ್ನ ಕೆಳಗಿಳಿಸಿ. ನೀವು ಇಷ್ಟು ವರ್ಷವೂ ಮೊದಲ್ನೇ ಪುಟ ನೋಡ್ಕೊಂಡು ಕೂತಿದೀರಿ. ಉಳಿದ ಮೂರು ಅದರ ಬೆನ್ನಿಗೆ ಮಡಚಿಕೊಂಡಿರಬೇಕು."

ಮೊಳೆ ಕಿತ್ತು, ರಟ್ಟು ತೆಗೆದರೆ, ನಿಜ. ಹಳದಿಗಟ್ಟಿದ ಕೊನೆಯ ಪುಟದಲ್ಲಿ ಅವರ ಬೆರಳು ನೆಟ್ಟಗೆ ಒಂದು ಸಾಲಿಗೆ ಹೋಗಿ ನಿಂತಿತು. ಕಂಪನಿಯು ಈ ಕೃತಿಯನ್ನು ಸತತ ಐದು ವರ್ಷ ಮಾರುಕಟ್ಟೆಗೆ ತಾರದಿದ್ದರೆ, ಕರ್ತೃವು ಲಿಖಿತ ಸೂಚನೆ ಕೊಡತಕ್ಕದ್ದು. ತೊಂಬತ್ತು ದಿನದೊಳಗೆ ಅದು ಮತ್ತೆ ಹೊರಬಾರದಿದ್ದಲ್ಲಿ ಹಕ್ಕುಗಳೆಲ್ಲ ಕರ್ತೃವಿಗೆ ಮರಳತಕ್ಕದ್ದು. ನನ್ನ ಧಾಟಿಯ ಬಾಗಿಲಿಗೆ ಬೀಗವನ್ನೇ ಹಾಕಿರಲಿಲ್ಲ. ನಾನು ತಳ್ಳಿ ನೋಡಿರಲಿಲ್ಲ, ಅಷ್ಟೇ!

"ಇದು ಗೊತ್ತಿದ್ದೂ ಆಗ್ಲೇ ಯಾಕೆ ಹೇಳ್ಲಿಲ್ಲ ನೀವು?"

"ಕೊನೇ ಪುಟ ನೋಡಿದ್ರಾ ಅಂತ ಮೂರು ಜನಕ್ಕೆ ಕೇಳಿದ್ದೆ. ಮೂರು ಜನವೂ ಪೆನ್ ಕೊಡಿ ಅಂದ್ರು. ಕೊಟ್ಟೆ." ಅವರು ತೋಳಿನ ಮಡಿಕೆ ಸರಿಮಾಡಿಕೊಂಡರು. "ಅದರಲ್ಲಿ ನೀವೂ ಒಬ್ಬರಾ ಅಂತ ನೆನಪಿಲ್ಲ."

ಅವರಿಗೆ ನೆನಪಿರಲಿಲ್ಲ, ನನಗೆ ಆ ಕ್ಷಣದಲ್ಲಿ ನೆನಪಾಯಿತು. ಕೌಂಟರಿನ ಹಿಂದೆ ಕುಳ್ಳನೆಯ ಹೆಂಗಸೊಬ್ಬಳು ಏನೋ ಕೇಳಿದ್ದಳು. ನಾನು ಅವಳ ಮುಖವನ್ನೂ ನೋಡದೆ ಕೈಚಾಚಿದ್ದೆ. ಟೈಪ್‌ರೈಟರಿನ ಕೂಲಿ ಕೇಳುವ ಧೈರ್ಯವಾಗಲಿಲ್ಲ.

ಸೂಚನಾಪತ್ರವನ್ನು ಅವರೇ, ಅದೇ ಮೆಶಿನ್ನಿನಲ್ಲಿ, ಅದೇ ಹಾರುವ 'ರ'ದೊಂದಿಗೆ ಹೊಡೆದರು. ಹಳೆಯ ಕಂಪನಿ ಕೈಬದಲಾಗಿ ಅದರ ಕಡತಗಳು ಯಾವ ಕಚೇರಿಯ ಯಾವ ಮಹಡಿಗೆ ಹೋಗಿವೆಯೆಂಬುದು ಅವರಿಗೆ ಬಾಯಿಪಾಠ. ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದವರೇ ಅವರು. ತೊಂಬತ್ತೆರಡನೆಯ ದಿನ ಮರುಪತ್ರ ಬಂತು. ಮೆಟ್ಟಿಲ ಧಾಟಿ ನನ್ನದಾಯಿತು. ನಾನು ಅಂಗಡಿಯ ಬಾಗಿಲು ಹಾಕಿ, ಅಕಾರ್ಡಿಯನ್ ತೆಗೆದು ನುಡಿಸಿದೆ. ಬೆರಳುಗಳು ಮೆಟ್ಟಿಲನ್ನು ಮರೆತಿರಲಿಲ್ಲ. ಆ ಚೌಕಟ್ಟಿನೊಳಗೆ ಈಗ ಕೊನೆಯ ಪುಟವಿದೆ.

ಅಂದಿನಿಂದ ನನ್ನ ಅಂಗಡಿಯ ಕಿಟಕಿಯ ಬದಿಯ ಬೆಂಚು ಆಮೇಲಮ್ಮನ ಕಚೇರಿ. ವಾರಕ್ಕೆ ಮೂರು ದಿನ, ಹತ್ತರಿಂದ ಒಂದು. ವಾದ್ಯ ರಿಪೇರಿಗೆ ಬಂದವರು ಹಾಗೇ ಕರಾರನ್ನೂ ತರತೊಡಗಿದರು. ಆಮೇಲೆ ಕರಾರಷ್ಟನ್ನೇ ಹಿಡಿದು ಬರತೊಡಗಿದರು. ಅವರು ಹೇಳಿಕೊಡುವ ಬಗೆಯೋ! ಕಾನೂನು ಪುಸ್ತಕದ ಒಂದು ಶಬ್ದವಿಲ್ಲ. "ಹಾಡು ಅನ್ನೋದು ನಿಮ್ಮ ಮನೆ. ರೆಕಾರ್ಡಿಂಗ್ ಅನ್ನೋದು ಆ ಮನೆಯ ಫೋಟೋ. ಎರಡೂ ಬೇರೆ ಬೇರೆ ಆಸ್ತಿ. ಫೋಟೋ ಮಾರಾಟವಾದಾಗೆಲ್ಲ ನಿಮಗೊಂದು ಪಾಲು ಬರಬೇಕು. ಮನೇಲಿ ಯಾರಾದ್ರೂ ಬಂದು ಇಳ್ಕೊಂಡಾಗೆಲ್ಲ, ಅಂದ್ರೆ ಬೇರೆಯವರು ನಿಮ್ಮ ಹಾಡು ಹಾಡಿದಾಗೆಲ್ಲ, ಇನ್ನೊಂದು ಪಾಲು. ರಾಯಲ್ಟಿ ಅಂದ್ರೆ ಇಷ್ಟೇ. ಈಗ ಹೇಳಿ, ಫೋಟೋ ತೆಗೆಯೋಕೆ ಬಂದವನ ಕೈಗೆ ಮನೆ ಬೀಗದ ಕೈ ಯಾಕೆ ಕೊಡ್ತೀರಿ?" ಎಂದು ಅವರು ಕೇಳಿದರೆ, ಮೂರು ಪದವಿ ಪಡೆದ ಗಾಯಕಿಯೂ ನನ್ನಂಥ ಏಳನೆಯ ತರಗತಿಯವನೂ ಒಂದೇ ಸಮ ತಲೆ ಕೆರೆದುಕೊಳ್ಳುತ್ತೇವೆ.

ಎಡಗಡೆಯ ಜೇಬಿನಲ್ಲಿ ಚೀಟಿಗಳ ಕಟ್ಟು. ಹಾಡಿನ ಜನ್ಮಪತ್ರ ಎನ್ನುತ್ತಾರೆ ಅದನ್ನು. ಹಾಡು ಹುಟ್ಟಿದ ದಿನವೇ, ಇನ್ನೂ ಬಿಸಿಯಿರುವಾಗಲೇ, ಯಾರು ಪದ ಬರೆದರು, ಯಾರು ಧಾಟಿ ಹಾಕಿದರು, ಯಾರದೆಷ್ಟು ಪಾಲು ಎಂದು ಬರೆದು ಎಲ್ಲರೂ ಹೆಸರು ಹಾಕಬೇಕು. "ಹಾಡು ಗೆಲ್ಲೋಕೆ ಮುಂಚೆ ಎಲ್ಲರೂ ಅಣ್ಣತಮ್ಮಂದಿರು. ಗೆದ್ದ ಮೇಲೆ ವಕೀಲರ ಕಕ್ಷಿದಾರರು." ಒಮ್ಮೆ ಹೀಗೆ ಚೀಟಿ ಬರೆಸುತ್ತಿದ್ದಾಗ ತಂಡವೊಂದರ ತಬಲದವನು "ಎರಡನೇ ಚರಣದ ಮಧ್ಯೆ ಕೆಮ್ಮಿದ್ದು ನಾನು. ಜನ ಅದಕ್ಕೇ ಚಪ್ಪಾಳೆ ಹೊಡೆದಿದ್ದು. ಅದಕ್ಕೆಷ್ಟು?" ಎಂದು ಗಂಭೀರವಾಗಿ ಕೇಳಿದ. ಆಮೇಲಮ್ಮ ನೀಲಿ ಪೆನ್ಸಿಲಿನಿಂದ ಬರೆದುಕೊಂಡರು: ಕೆಮ್ಮು, ಪ್ರಶ್ನೆ ಬಾಕಿ.

ಇಷ್ಟೆಲ್ಲ ನಡೆಯುತ್ತಿದ್ದ ನನ್ನದೇ ಅಂಗಡಿಗೆ, ನನ್ನದೇ ಮನೆಯ ಹುಡುಗಿ, ಅದೇ ಹಳ್ಳದ ಅಂಚಿಗೆ ಬಂದು ನಿಂತಳು.

ನನ್ನ ತಮ್ಮನ ಮಗಳು ಹಾಡುತ್ತಾಳೆ. ಅವಳ ತಂಡದಲ್ಲಿ ಮೂರೇ ಜನ: ಅವಳು, ಡ್ರಮ್ ಬಡಿಯುವ ಒಬ್ಬ ಲಂಬು, ವರ್ಷಕ್ಕೆ ನಾಲ್ಕು ಮಾತಾಡುವ ಗಿಟಾರಿನ ಹುಡುಗಿ. ಮೆಟ್ಟಿಲ ಧಾಟಿ ಮನೆಗೆ ಮರಳಿದಾಗ ನಾನದನ್ನು ತಮ್ಮನ ಮಗಳಿಗೆ ಕೊಟ್ಟಿದ್ದೆ, ಜನ್ಮಪತ್ರ ಸಮೇತ. ಅವಳು ಅದಕ್ಕೆ ಪದ ಹೊಂದಿಸಿದಳು. ಭಾನುವಾರ ಬೆಳಗ್ಗೆ ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ ಸಣ್ಣ ಮಕ್ಕಳಿಗೆ ಅವಳು ಪಾಠ ಹೇಳುತ್ತಾಳೆ. ಮಕ್ಕಳು ಸ್ವರಕ್ಕೊಂದು ಮೆಟ್ಟಿಲಿನಂತೆ ಆ ಹಾಡು ಹಾಡುತ್ತಲೇ ಹತ್ತಿ ಬರಬೇಕು, ತಪ್ಪಿದರೆ ಒಂದು ಮೆಟ್ಟಿಲು ಇಳಿಯಬೇಕು. ವರ್ಷಕ್ಕೊಮ್ಮೆ ಆ ಮೂವತ್ತು ಮಕ್ಕಳೂ ಪುರಭವನದ ಮೆಟ್ಟಿಲ ಮೇಲೆ ಜನರೆದುರು ನಿಂತು ಅದನ್ನು ಹಾಡುತ್ತಾರೆ.

ಒಂದು ಗುರುವಾರ ಹನ್ನೊಂದರ ಹೊತ್ತಿಗೆ ಮೂವರೂ ಗಾಳಿಯ ಹಾಗೆ ನುಗ್ಗಿದರು.

"ದೊಡ್ಡಪ್ಪಾ, ಬಂತು! ಅಗ್ರಿಮೆಂಟ್ ಬಂತು! ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸಹಿ. ಎಂಟು ಹಾಡು ರೆಕಾರ್ಡ್ ಮಾಡ್ತಾರಂತೆ!"

ನನಗೆ ರೆಕ್ಕೆ ಬಂದ ಹಾಗಾಯಿತು. ಮೂರು ವರ್ಷ ಆ ಹುಡುಗರು ಎಷ್ಟು ಬಾಗಿಲು ತಟ್ಟಿದ್ದರೆಂದು ನನಗೆ ಗೊತ್ತು. ಲಂಬುವನ್ನು ತಬ್ಬಿಕೊಂಡೆ, ಅವನ ಎದೆಯ ಗುಂಡಿ ನನ್ನ ಮೂಗಿಗೆ ಒತ್ತಿತು. ಅಷ್ಟರಲ್ಲಿ ಕಿಟಕಿಯ ಕಡೆಯಿಂದ ಹಾಳೆಗಳು ದಬಕ್ಕನೆ ಕವುಚಿದ ಸದ್ದು.

"ಮಾತಾಗಿದ್ದು ಎಂಟು ಹಾಡು" ಎಂದರು ಆಮೇಲಮ್ಮ, ಕೊನೆಯ ಪುಟದ ಅಂಚು ಎತ್ತಿ ಹಿಡಿದು. "ಇಲ್ಲಿ ಅನುಬಂಧದಲ್ಲಿ ಇಪ್ಪತ್ತು ಹೆಸರಿದೆ. ಯಾರ ಕೈಬರಹ ಇದು?"

"ನಂದೇ ಅಮ್ಮ" ಎಂದ ಲಂಬು ಹೆಮ್ಮೆಯಿಂದ. "ಇಪ್ಪತ್ತು ಗೆರೆ ಖಾಲಿ ಇತ್ತಲ್ಲ."

"ಆಮೇಲೆ?"

"ಎಂಟೇ ಬರೆದ್ರೆ ಇವರ ಹತ್ರ ಬೇರೆ ಸರಕೇ ಇಲ್ಲ ಅಂದ್ಕೊಳ್ಳಲ್ವಾ? ಅದಕ್ಕೆ ತುಂಬ್ಸಿಬಿಟ್ವಿ."

ಅಯ್ಯೋ ನಮ್ಮ ಕುಲವೇ! ಬೇರೆ ಯಾರೂ ಮಾಡದ, ವಾದ್ಯ ಹಿಡಿದವರು ಮಾತ್ರ ಮಾಡಬಲ್ಲ ತಪ್ಪು ಇದು. ತಾಳದಲ್ಲಿ ಒಂದು ಮಾತ್ರೆಯ ಬಿಡುವು ಕಂಡರೆ ಉರುಳಿಕೆ ಬಾರಿಸಿ ತುಂಬದೆ ಬಿಡದ ಜಾತಿ ನಮ್ಮದು. ಇಪ್ಪತ್ತು ಖಾಲಿ ಗೆರೆ ಕಂಡು ಸುಮ್ಮನಿರುತ್ತದೆಯೇ?

"ಹದಿನೇಳನೇದು ಹೇಗಿದೆ? ಹಾಡಿ, ನೋಡೋಣ."

ಮೂವರೂ ಮುಖ ಮುಖ ನೋಡಿಕೊಂಡರು. "ಅದು ಇನ್ನೂ ಆಗಿಲ್ಲ ಅಜ್ಜಿ. ಹೆಸರು ಮಾತ್ರ ಇದೆ" ಎಂದಳು ನನ್ನ ತಮ್ಮನ ಮಗಳು.

"ಮತ್ತೆ ಇಪ್ಪತ್ತನೇದು?"

ನಾನೂ ಬಗ್ಗಿ ನೋಡಿದೆ. ಇಪ್ಪತ್ತನೆಯ ಗೆರೆಯ ಮೇಲೆ, ಮುದ್ದಾದ ಅಕ್ಷರದಲ್ಲಿ: ಮೆಟ್ಟಿಲ ಹಾಡು.

ಆಮೇಲಮ್ಮನಿಗೆ ಇನ್ನೊಂದು ನೇಮವಿದೆ: ಕರಾರನ್ನು ಅವರು ಓದಿ ಹೇಳುವುದಿಲ್ಲ. ಸಹಿ ಹಾಕುವವರೇ, ಎದ್ದು ನಿಂತು, ಗಟ್ಟಿಯಾಗಿ ಓದಬೇಕು. ಕೆಂಪು ಪೆನ್ಸಿಲ್ಲು ಹದಿನಾಲ್ಕನೆಯ ಕಲಮಿನ ಪಕ್ಕ ನಿಂತಿತು. ನನ್ನ ತಮ್ಮನ ಮಗಳು ಓದತೊಡಗಿದಳು. ಅನುಬಂಧದಲ್ಲಿ ನಮೂದಿಸಿದ ಸಕಲ ಕೃತಿಗಳ, ಅವುಗಳ ಧ್ವನಿಮುದ್ರಣಗಳ, ಈಗಿರುವ ಮತ್ತು ಮುಂದೆ ಬರಲಿರುವ ಎಲ್ಲ ರೂಪಗಳ ಹಕ್ಕು ಕಂಪನಿಗೆ ಸೇರತಕ್ಕದ್ದಾಗಿದ್ದು, ಕಲಾವಿದರು ಅವನ್ನು ಏಳು ವರ್ಷಗಳ ಕಾಲ ಯಾವುದೇ ಸಾರ್ವಜನಿಕ ಸ್ಥಳದಲ್ಲಿ ಕಂಪನಿಯ ಲಿಖಿತ ಅನುಮತಿಯಿಲ್ಲದೆ… ಒಂದೇ ಉಸಿರಿನಲ್ಲಿ ಹದಿನಾರು ಆವರ್ತ ಎಳೆಯಬಲ್ಲ ಹುಡುಗಿಗೆ ಅಲ್ಲಿ ಉಸಿರು ಕಟ್ಟಿತು.

"ನಿನ್ನಂಥೋಳಿಗೇ ಉಸಿರು ಸಾಲದ ವಾಕ್ಯ ಬರೀತಾರೆ ಅಂದ್ರೆ ಸುಮ್ನೆ ಬರೀತಾರಾ? ನಾನು ಕಾಫಿ ಕುಡಿಯೋಕೆ ಎದ್ದು ಹೋಗ್ತಿದ್ದಿದ್ದೇ ಇಂಥ ವಾಕ್ಯದ ಮಧ್ಯದಲ್ಲಿ" ಎಂದರು ಆಮೇಲಮ್ಮ. "ಈಗ ಉಸಿರು ತಗೊಂಡು ಹೇಳು. ಪುರಭವನದ ಮೆಟ್ಟಿಲ ಮೇಲೆ ಆ ಮಕ್ಕಳು ಹಾಡ್ಬೇಕಾದ್ರೆ ಯಾರನ್ನ ಕೇಳ್ಬೇಕು?"

ಸಿಟ್ಟು ನನ್ನ ತಲೆಗೆ ಏರಿತು! ಒಮ್ಮೆ ಕಳೆದು, ಅಷ್ಟು ಕಾಲದ ನಂತರ ಮರಳಿ ಬಂದ ಧಾಟಿ, ಒಂದು ಖಾಲಿ ಗೆರೆಯ ಅಂದಕ್ಕಾಗಿ ಮತ್ತೆ ಹೋಗುವುದೇ? ಹಾಳೆಗಳನ್ನು ಕಿತ್ತುಕೊಂಡು ಹರಿಯಲು ಕೈ ಹಾಕಿದೆ. ಬೂದು ತೋಳಿನೊಳಗಿಂದ ಬೆರಳುಗಳು ಹೊರಬಂದು ನನ್ನ ಮಣಿಕಟ್ಟನ್ನು ಹಿಡಿದವು. ಎಂಥ ಹಿಡಿತ ಅದು!

"ರಿಪೇರಿಯವ್ರೇ, ಮುರಿಯೋದು ನಿಮ್ಮ ಕಸುಬಲ್ಲ."

"ಅಜ್ಜಿ, ಇದು ಬೇಡ ಅಂದ್ರೆ ಅವರು ನಮ್ಮನ್ನೇ ಬೇಡ ಅಂದುಬಿಟ್ರೆ?" ಹುಡುಗಿಯ ದನಿ ಸಣ್ಣಗಾಗಿತ್ತು.

"ಅನ್ನಬಹುದು" ಎಂದರು ಆಮೇಲಮ್ಮ. ಸಮಾಧಾನದ ಸುಳ್ಳು ಅವರಿಗೆ ಬರುವುದಿಲ್ಲ. "ಅಂದ್ರೆ ಇಪ್ಪತ್ತೂ ನಿಮ್ಮ ಹತ್ರಾನೇ ಇರುತ್ತೆ, ರೆಕಾರ್ಡಿಂಗ್ ಇರಲ್ಲ. ಹೀಗೇ ಸಹಿ ಹಾಕಿದ್ರೆ ರೆಕಾರ್ಡಿಂಗ್ ಇರುತ್ತೆ, ಇಪ್ಪತ್ತರಲ್ಲಿ ಒಂದೂ ಇರಲ್ಲ. ಎಂಟರ ಫೋಟೋ ಕೊಡಿ, ಮನೆ ಕೊಡ್ಬೇಡಿ ಅಂತ ಕೇಳೋದು ಮೂರನೇ ದಾರಿ. ಕೇಳೋದು ನಿಮ್ಮ ಕೆಲಸ. ನಾನು ಒಳಗೆ ಬರಲ್ಲ."

ಅಂದು ಮಧ್ಯಾಹ್ನ ತಾಲೀಮು. ಹಾಡಿನದಲ್ಲ, ಮಾತಿನದು. ನಾನು ಕಂಪನಿಯ ಅಧಿಕಾರಿ. ಎರಡು ನಿಮಿಷದಲ್ಲಿ ಮೇಜು ಗುದ್ದಿ "ಬೇಕಿದ್ರೆ ಹಾಕಿ, ಇಲ್ದಿದ್ರೆ ಎದ್ದು ಹೋಗಿ!" ಎಂದು ಅಬ್ಬರಿಸಿದೆ. "ನೀವು ಅಧಿಕಾರಿ ರಿಪೇರಿಯವ್ರೇ, ರೌಡಿ ಅಲ್ಲ" ಎಂದು ನನ್ನನ್ನು ಕೆಳಗಿಳಿಸಿ ಗಿಟಾರಿನ ಹುಡುಗಿಯನ್ನು ಕೂರಿಸಿದರು. ಅವಳು ಏನು ಕೇಳಿದರೂ ಮುಗುಳ್ನಕ್ಕು ಸುಮ್ಮನಿದ್ದಳು. "ಹಾಂ, ಹೀಗಿರ್ತಾರೆ ಅವರು. ಇದು ಕಷ್ಟ" ಎಂದರು ಆಮೇಲಮ್ಮ.

ಶುಕ್ರವಾರ ಹನ್ನೊಂದಕ್ಕೆ ಮೂವರೂ ಕಂಪನಿಯ ಗಾಜಿನ ಕೋಣೆಯೊಳಗೆ ಹೋದರು. ನಾನೂ ಆಮೇಲಮ್ಮನೂ ಹೊರಗಿನ ಮೊಗಸಾಲೆಯಲ್ಲಿ. ರತ್ನಗಂಬಳಿಯ ಅಂಚು ಸುರುಳಿಯೆದ್ದು ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಒಳಗಿನ ಮಾತು ನಮಗೆ ಕೇಳುತ್ತಿತ್ತು. ಆಮೇಲಮ್ಮ ಗೋಡೆಯಿಂದ ಗೋಡೆಗೆ ನಡೆದರು, ಟಿಂಗ್ ಎಂದು ತಿರುಗಿದರು, ಮತ್ತೆ ನಡೆದರು. ಕೊನೆಗೆ ಕುರ್ಚಿಯಲ್ಲಿ ಕೂತಾಗ ನೋಡುತ್ತೇನೆ, ಅವರ ಹತ್ತೂ ಬೆರಳು ಮೊಣಕಾಲಿನ ಮೇಲೆ ಸದ್ದಿಲ್ಲದೆ ಕುಣಿಯುತ್ತಿವೆ. ಆ ಹದಿನಾಲ್ಕನೆಯ ಕಲಮನ್ನೇ ಹೊಡೆಯುತ್ತಿದ್ದರೋ, ಅಳಿಸುತ್ತಿದ್ದರೋ!

"ಇದು ನಾವು ಎಲ್ಲರಿಗೂ ಕೊಡೋ ಫಾರ್ಮೇ ಮೇಡಂ" ಎಂದ ಒಳಗಿನ ಅಧಿಕಾರಿ. ಎಳೆಯ ವಯಸ್ಸಿನ, ವಿನಯದ ಮನುಷ್ಯ.

ನನ್ನ ತಮ್ಮನ ಮಗಳ ದನಿ ಬಂತು: "ಆಮೇಲೆ?"

ಆಮೇಲಮ್ಮನ ಬೆರಳು ನಿಂತವು.

"ಆಮೇಲೆ ಅಂದ್ರೆ… ಎಲ್ಲರೂ ಹೀಗೇ ಸಹಿ ಮಾಡಿದಾರೆ. ಇದುವರೆಗೆ ಯಾರೂ ಕೇಳಿಲ್ಲ."

"ಆಮೇಲೆ?"

ಕುರ್ಚಿ ಸರಿದ ಸದ್ದು. ಅಧಿಕಾರಿ ಹೊರಗೆ ಬಂದು, ನಮ್ಮನ್ನು ದಾಟಿ, ಮೇಲಿನ ಮಹಡಿಗೆ ಹೋದ. ಇಪ್ಪತ್ತು ನಿಮಿಷ. ಲಂಬು ಒಳಗೆ ಮೇಜಿನ ಮೇಲೆ ತಾಳ ಹಾಕುತ್ತಿದ್ದ. ಯಾರೋ ಅವನ ಕೈ ಹಿಡಿದು ನಿಲ್ಲಿಸಿದರು. ನನಗೆ ಎದ್ದು ಹೋಗಿ ಯಾರ ಕೊರಳಪಟ್ಟಿಯನ್ನಾದರೂ ಹಿಡಿಯಬೇಕೆನ್ನಿಸಿತು. "ಕೂತ್ಕೊಳ್ಳಿ" ಎಂದರು ಆಮೇಲಮ್ಮ, ನನ್ನ ಕಡೆ ನೋಡದೆಯೇ.

ಅಧಿಕಾರಿ ಇಳಿದು ಬಂದು ಒಳಗೆ ಹೋಗಿ ಹೇಳಿದ್ದು ಇದು. ಎಂಟೇ ಹಾಡು. ಆ ಎಂಟರ ಧ್ವನಿಮುದ್ರಣ ಕಂಪನಿಯದು, ಹಾಡು ಹುಡುಗರದೇ. ವೇದಿಕೆಯಲ್ಲಿ ಹಾಡಲು ಯಾರ ಅನುಮತಿಯೂ ಬೇಡ. ಆದರೆ ಏಳು ವರ್ಷ ಆ ಎಂಟನ್ನು ಬೇರೆ ಕಂಪನಿಗೆ ರೆಕಾರ್ಡ್ ಮಾಡಿಕೊಡುವಂತಿಲ್ಲ, ಅದರಲ್ಲಿ ಒಂದು ದಿನವೂ ಕಡಿಮೆಯಿಲ್ಲ. ಹುಡುಗಿ ಐದಕ್ಕೆ ಎಳೆದು ನೋಡಿದಳು, ಅವನು ಜಗ್ಗಲಿಲ್ಲ, ಅವಳು ಒಪ್ಪಿದಳು. ತಿದ್ದುಪಡಿಯನ್ನು ಅವನೇ ಕೈಯಲ್ಲಿ ಬರೆದ. ಅನುಬಂಧದ ಹೆಚ್ಚಿನ ಹನ್ನೆರಡು ಸಾಲುಗಳನ್ನು ಕಲಾವಿದರೇ ಹೊಡೆದುಹಾಕಿ, ಪ್ರತಿ ಸಾಲಿನ ಪಕ್ಕ ಚಿಕ್ಕ ಸಹಿ ಹಾಕಬೇಕು.

ಬಾಗಿಲು ಧಡಾರನೆ ತೆರೆಯಿತು. ನನ್ನ ತಮ್ಮನ ಮಗಳು ಕೆನ್ನೆ ಕೆಂಪಗೆ ಮಾಡಿಕೊಂಡು, ಕೈಯಲ್ಲಿ ಕೊನೆಯ ಪುಟ ಹಿಡಿದು ನಿಂತಿದ್ದಳು.

"ಅಜ್ಜಿ! ಅವರು ಅವರ ಪೆನ್ ಕೊಡ್ತಿದಾರೆ. ಯಾಕೋ ಅದರಲ್ಲಿ ಬೇಡ ಅನ್ನಿಸ್ತು. ನಿಮ್ಮ ಹತ್ರ…" ಎಂದವಳು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡಳು. ಪೆನ್ನಿನ ಸಂಗತಿ ಅವಳಿಗೂ ಗೊತ್ತಿತ್ತಲ್ಲ.

ಆಮೇಲಮ್ಮ ಎದ್ದು ನಿಂತರು. ಕೋಟಿನ ಗುಂಡಿ ಬಿಚ್ಚಿ, ಅಸ್ತರಿನ ಹರುಕಿನೊಳಗೆ ಮೊಣಕೈಯವರೆಗೂ ಕೈಹಾಕಿ, ನಾನು ಕಂಡೇ ಇರದ ಎಂಟನೆಯ ಜೇಬಿನಿಂದ ದಪ್ಪನೆಯ ಕಪ್ಪು ಮಸಿ ಪೆನ್ನೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು.

ನಾನು ದಂಗಾದೆ. "ಏನಮ್ಮಾ ಇದು! ನಾಲ್ಕು ವರ್ಷದಿಂದ ಪೆನ್ನೇ ಇಲ್ಲ ಅಂತಿದ್ರಲ್ಲ!"

"ಸಹಿ ಹಾಕೋಕೆ ಇಲ್ಲ ಅಂದಿದ್ದೆ" ಎಂದರು ಆಮೇಲಮ್ಮ. "ಹೊಡೆದು ಹಾಕೋಕೆ ಇದೆ."

ಅವಳು ಅಲ್ಲೇ, ಮೊಗಸಾಲೆಯ ಗೋಡೆಗೆ ಕಾಗದ ಒತ್ತಿ ಹಿಡಿದು, ಕೆಳಗಿನಿಂದಲೇ ಶುರುಮಾಡಿದಳು. ಮೊದಲು ಇಪ್ಪತ್ತು. ಆ ಗೆರೆ ಎಳೆದ ಸದ್ದು ನನಗೆ ಕೇಳಿಸಿತು. ಯಾವ ಪಿಟೀಲಿನ ಕಮಾನೂ ಹಾಗೆ ಹಾಡಿದ್ದನ್ನು ನಾನು ಕೇಳಿಲ್ಲ.

ಆ ಭಾನುವಾರ ಆಮೇಲಮ್ಮ ಮೊದಲ ಬಾರಿಗೆ ಪಾಠದ ಹೊತ್ತಿಗೆ ಬಂದು ಮೆಟ್ಟಿಲಿನ ತಿರುವಿನಲ್ಲಿ ಕೋಟು ಮುದುರಿ ಕೂತರು. ಮಕ್ಕಳು ಹಾಡುತ್ತ, ತಪ್ಪುತ್ತ, ಇಳಿಯುತ್ತ, ನಗುತ್ತ ಅವರನ್ನು ದಾಟಿಕೊಂಡು ಹತ್ತಿದರು. ಎಲ್ಲರೂ ಮೇಲೆ ತಲುಪಿ ಹಾಡು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, ಬಹಳ ಯೋಚಿಸಿ ಕೇಳಿದರು: "ಇದೇನಾ ಆ ಇಪ್ಪತ್ತನೇ ಸಾಲು?"

ಹೌದೆಂದೆ.

"ಚೆನ್ನಾಗಿ ಹತ್ತುತ್ವೆ ಮಕ್ಕಳು" ಎಂದರು.

ಹಾಡು ಉಳಿಯುವುದು ಹಾಡುವವರಿಂದ ಎಂದು ನಾನು ಬಹುಕಾಲ ನಂಬಿದ್ದೆ, ಕೇಳುವವರಿಂದ ಎಂದು ಕೆಲವು ಕಾಲ. ಆದರೆ ಇನ್ನೊಂದು ಬಗೆಯ ಜನ ಇದ್ದಾರೆ. ಅವರಿಗೆ ಸ್ವರ ತಿಳಿಯದು, ತಾಳ ತಿಳಿಯದು, ಚಪ್ಪಾಳೆ ಅವರ ಕಡೆ ತಿರುಗುವುದಿಲ್ಲ. ಬೇರೆಯವರು ಬರೆಸಿದ್ದನ್ನು ಬೆರಳು ಸವೆಯುವಷ್ಟು ಬರೆದು, ಯಾವ ಮಾತಿನ ಹಿಂದೆ ಬೋನಿದೆ, ಯಾವುದರ ಹಿಂದೆ ಬಾಗಿಲಿದೆ ಎಂಬುದನ್ನು ಬೆರಳ ತುದಿಯಲ್ಲೇ ಅರಿತವರು. ಒಂದು ಕಾಲಕ್ಕೆ ಕೇಳಿದವರಿಗೆಲ್ಲ ಪೆನ್ನು ಕೊಟ್ಟ ನೆನಪು ಅವರನ್ನು ಸುಮ್ಮನೆ ಕೂರಗೊಡುವುದಿಲ್ಲ. ನಾವು ಮೊದಲ ಪುಟದ ಸಡಗರದಲ್ಲಿ ಮೈಮರೆತಿರುವಾಗ ಇಂಥವರು ಕೊನೆಯ ಪುಟದ ಹತ್ತಿರ ಹೋಗಿ ಕೂತಿರುತ್ತಾರೆ, ಕಿವುಡು ಕಿವಿಯಿಂದ ನಮ್ಮ ಹಾಡನ್ನು ಕಾಯುತ್ತ. ನಾವು ಅಲ್ಲಿಗೆ ತಲುಪುವವರೆಗೆ ಎಷ್ಟು ವರ್ಷವಾದರೂ ಕಾಯುತ್ತಾರೆ.